ಎರಡು ಚೀಲ ಕಾಡುಮಣ್ಣು

ದೀಪಾವಳಿಗೆ ಊರಿಗೆ ಬಂದಿದ್ದ ಅಕ್ಕ ವಾಪಸು ಹೋಗುವಾಗ ಘಟ್ಟದಲ್ಲಿರುವ ನಮ್ಮ ಸೊಪ್ಪಿನ ಬೆಟ್ಟದಿಂದ, ಎಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಿಂದ, ಎರಡು ಗೋಣಿಚೀಲ ಮಣ್ಣು ತುಂಬಿಸಿ ಕಾರಿನ ಡಿಕ್ಕಿಗೆ ಹೇರಿಕೊಂಡಳು. ಬೆಂಗಳೂರಿನ ಬಾಲ್ಕನಿಯ ಕುಂಡಗಳಿಗೆ. ಮೇಲಿನ ಕಪ್ಪನ್ನಷ್ಟೇ ಕೆರೆದುಕೋ ಎಂದಿದ್ದೆ. ತುಂಬಿಕೊಟ್ಟ ಹುಡುಗ ಹುರುಪಿನಲ್ಲಿ ಹಾರೆ ಹಾಕಿ ಮೊಣಕಾಲುದ್ದ ಗುಂಡಿ ತೋಡಿದ್ದ. ಮೂರು ತಿಂಗಳಿಗೆ ಫೋನು ಬಂತು.

"ಏನೋ ತಮ್ಮಾ, ಅಷ್ಟೆತ್ತರದ ಮರ ಬೆಳೆಸೋ ಮಣ್ಣಿಗೆ ನಂದೊಂದು ಟೊಮ್ಯಾಟೊ ಗಿಡ ಬೆಳೆಸೋಕೆ ಆಗ್ಲಿಲ್ವಲ್ಲೋ? ಎಲೆಯೆಲ್ಲ ಹಳದಿ. ಯಾರದೋ ಕಣ್ಣು ಬಿದ್ದಿದೆ ಅಂತ ನಮ್ಮತ್ತೆ ಮೆಣಸಿನಕಾಯಿ ನಿವಾಳಿಸಿದ್ದೂ ಆಯ್ತು."

ಮೆಣಸಿನಕಾಯಿ ದಂಡ. ಆ ಮಣ್ಣು ಇದ್ದದ್ದೇ ಹಾಗೆ. ಕಾಡು ಹಸಿರಾಗಿದೆ, ಹಾಗಾಗಿ ಅದರ ಮಣ್ಣು ಫಲವತ್ತು ಎಂಬ ಲೆಕ್ಕ ನಮ್ಮ ತಲೆಯಲ್ಲಿ ಬೇರು ಬಿಟ್ಟಿದೆ. ಪಶ್ಚಿಮ ಘಟ್ಟದ ಮಟ್ಟಿಗೆ ಈ ಲೆಕ್ಕ ತಲೆಕೆಳಗು. ಅಲ್ಲಿ ಕಾಡು ಶ್ರೀಮಂತ, ಮಣ್ಣು ಬಡವ. ಕಾಡಿನ ಆಸ್ತಿಯೆಲ್ಲ ಎಲೆ, ಕಾಂಡ, ಬೇರು ಮತ್ತು ಮೇಲಿನ ಒಂದು ಗೇಣು ಕಪ್ಪು ಪದರದಲ್ಲಿದೆ. ಎಲೆ ಉದುರುತ್ತದೆ, ಕೊಳೆಯುತ್ತದೆ, ಕೊಳೆತದ್ದು ಕೆಳಗಿಳಿಯುವ ಮೊದಲೇ ಬೇರು ಹೀರುತ್ತದೆ. ದಿನಗೂಲಿಯಲ್ಲಿ ನಡೆಯುವ ಸಂಸಾರ, ಕಣಜದಲ್ಲಿ ಕೂಡಿಟ್ಟದ್ದೇನೂ ಇಲ್ಲ. ಅಕ್ಕ ಹೊತ್ತೊಯ್ದದ್ದು ಆ ಖಾಲಿ ಕಣಜವನ್ನು.

ಶಾಲೆಯ ಸಮಾಜ ಪಾಠವೂ ಇಲ್ಲಿ ನೆರವಿಗೆ ಬರುವುದಿಲ್ಲ. ಕಪ್ಪು ಮಣ್ಣು, ಕೆಂಪು ಮಣ್ಣು, ಜಂಬಿಟ್ಟಿಗೆ ಮಣ್ಣು, ಮೆಕ್ಕಲು ಮಣ್ಣು ಎಂದು ಸಾಲಾಗಿ ಹೇಳಿ ಕೊನೆಗೆ 'ಪರ್ವತ ಮಣ್ಣು' ಎಂದು ಮುಗಿಸುತ್ತಾರೆ. ಅದು ವರ್ಗೀಕರಣವಲ್ಲ, ಬರೀ ವಿಳಾಸ. ಕೊಪ್ಪದ ಬಸ್ಸಿನಲ್ಲಿ ಕೂತವರನ್ನೆಲ್ಲ ಒಂದೇ ಮನೆಯವರು ಎಂದ ಹಾಗೆ. ಒಂದೇ ಗುಡ್ಡದ ನೆತ್ತಿಯಲ್ಲಿ ಬಂಡೆಗೆ ಅಂಟಿದ ಗೇಣುದ್ದ ಪುಡಿಮಣ್ಣು, ಇಳಿಜಾರಿನಲ್ಲಿ ಆಳುದ್ದ ಕೆಂಪು, ಬುಡದ ಕಣಿವೆಯಲ್ಲಿ ಅಂಟು ಅಂಟಾದ ಬೂದು. ಈ ಸರಣಿಗೆ ಜೆಫ್ರಿ ಮಿಲ್ನ್ ಎಂಬ ಮಣ್ಣುವಿಜ್ಞಾನಿ ಪೂರ್ವ ಆಫ್ರಿಕಾದ ಗುಡ್ಡಗಳನ್ನು ನೋಡಿ 1935ರಲ್ಲಿ 'ಕಟೀನ', ಎಂದರೆ ಸರಪಳಿ, ಎಂದು ಹೆಸರಿಟ್ಟರು. ಗದ್ದೆ, ಹಕ್ಕಲು, ಬ್ಯಾಣ, ಬೆಟ್ಟ ಎಂದು ಇಳಿಜಾರನ್ನು ಹೋಳು ಮಾಡಿ ಕರೆಯುತ್ತಿದ್ದ ನಮ್ಮ ಅಜ್ಜಂದಿರಿಗೆ ಇದು ಹೊಸದೇನೂ ಅಲ್ಲ.

ಘಾಟಿ ರಸ್ತೆಯಲ್ಲಿ ಬಸ್ಸು ಕೆಟ್ಟು ನಿಂತರೆ ನಾನು ಬಯ್ಯುವುದಿಲ್ಲ. ರಸ್ತೆಗೆಂದು ಗುಡ್ಡ ಕಡಿದ ಗೋಡೆಯ ಮುಂದೆ ಹೋಗಿ ನಿಲ್ಲುತ್ತೇನೆ. ಮೇಲ್ತುದಿಯಲ್ಲಿ ದರಗು, ಅದನ್ನು ಸರಿಸಿದರೆ ಅರ್ಧ ಕೊಳೆತ ಎಲೆಗಳನ್ನು ಹೊಲಿದಂತೆ ಹಬ್ಬಿದ ಬಿಳಿ ಶಿಲೀಂಧ್ರದ ಎಳೆಗಳು. ಅದರಡಿ ಬೆರಳಿಗೆ ಕಾಫಿಪುಡಿಯಂತೆ ಉದುರುವ ಕಪ್ಪು. ಗೇಣು ಕೆಳಗೆ ಕಂದು, ಮತ್ತೆ ಕೆಂಪು. ಕೆಂಪನ್ನು ಚಿಟಿಕೆ ತೆಗೆದು ಎಂಜಲು ಹಾಕಿ ತಿಕ್ಕಿದರೆ ಹೆಬ್ಬೆರಳಿನ ಮೇಲೆ ಪಟ್ಟಿಯಂತೆ ನೀಳವಾಗುತ್ತದೆ: ಜೇಡಿ ಇಳಿದು ಬಂದು ಇಲ್ಲಿ ತಂಗಿದೆ. ಇನ್ನೂ ಕೆಳಗೆ ನನಗೆ ಅತ್ಯಂತ ಪ್ರಿಯವಾದ ಪದರ. ನೋಡಲು ಬಂಡೆ. ಬಂಡೆಯ ಪಟ್ಟೆಗಳೆಲ್ಲ ಹಾಗೇ ಇವೆ, ಬಿಳಿ ಬೆಣಚಿನ ಎಳೆಯೊಂದು ಓರೆಯಾಗಿ ಹಾದುಹೋಗಿದೆ. ಆದರೆ ಪೆನ್ನಿನ ತುದಿ ಚುಚ್ಚಿದರೆ ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ. ಬಂಡೆಯಲ್ಲಿದ್ದ ಫೆಲ್ಡ್‌ಸ್ಪಾರ್ ಎಂಬ ಖನಿಜ ಪೂರಾ ಜೇಡಿಯಾಗಿ ಹೋಗಿದೆ, ಬೆಣಚು ಮಾತ್ರ ಜಗ್ಗದೆ ನಿಂತಿದೆ. ನಿಂತ ಜಾಗದಲ್ಲೇ ಮಣ್ಣಾದ ಕಲ್ಲು. ಕರಾವಳಿಯವರು ಜಂಬಿಟ್ಟಿಗೆಯ ಅಡಿಯಲ್ಲಿ ಸಿಗುವ ಇಂಥ ಮೆದು ಪದರಕ್ಕೆ ಶೇಡಿ ಮಣ್ಣು ಎನ್ನುತ್ತಾರೆ. ಬಾವಿ ತೋಡುವವರಿಗೆ ಅದನ್ನು ಕಂಡರೆ ಭಯ. ಒಣಗಿದ್ದಾಗ ಗೋಡೆಯಂತೆ ನಿಲ್ಲುವ ಶೇಡಿ ನೀರು ಕುಡಿದರೆ ಕುಸಿಯುತ್ತದೆ.

ಈಗ ಟೊಮ್ಯಾಟೊ ಎಲೆ ಏಕೆ ಹಳದಿಯಾಯಿತು ಎಂಬ ಮಾತು. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಏಕೆಂದರೆ ಮಣ್ಣಿನ ವಿಜ್ಞಾನದಲ್ಲಿ ಇದಕ್ಕಿಂತ ಸೊಗಸಾದ ಸಂಗತಿ ಇನ್ನೊಂದಿಲ್ಲ.

ಜೇಡಿಯ ಕಣಕ್ಕೂ, ಎಲೆ ಕೊಳೆತು ಉಳಿದ ಕಪ್ಪಾದ ಹ್ಯೂಮಸ್ಸಿಗೂ ಮೈತುಂಬ ಋಣ ವಿದ್ಯುದಂಶ. ಗಿಡಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಧನ ವಿದ್ಯುದಂಶದವು. ಹಾಗಾಗಿ ಅಂಟಿಕೊಳ್ಳುತ್ತವೆ. ಇದನ್ನು ಕೊಟ್ಟಿಗೆ ಎಂದುಕೊಳ್ಳಿ. ಋಣ ವಿದ್ಯುದಂಶವೆಂದರೆ ಗೂಟ, ಕ್ಯಾಲ್ಸಿಯಂ ಬಳಗ ಕರೆಯುವ ಹಸು. ಎಷ್ಟು ಗೂಟ ಇವೆ ಎಂಬುದು ಒಂದು ಲೆಕ್ಕ, ಅದರಲ್ಲಿ ಎಷ್ಟಕ್ಕೆ ಕರೆಯುವ ಹಸು ಕಟ್ಟಿದೆ ಎಂಬುದು ಬೇರೆ ಲೆಕ್ಕ. ಮಳೆನೀರು ಮಣ್ಣಿಗಿಳಿದಾಗ ಬೇರು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತೆಳು ಸೋಡದಂಥ ಆಮ್ಲವಾಗುತ್ತದೆ. ಅದರ ಹೈಡ್ರೋಜನ್ ಅಯಾನು ಬೀಡಾಡಿ ದನದಂತೆ ನುಗ್ಗಿ ಹಸುವನ್ನು ಬಿಚ್ಚಿ ತಾನು ಗೂಟಕ್ಕೆ ನಿಲ್ಲುತ್ತದೆ. ಬಿಚ್ಚಿಹೋದ ಕ್ಯಾಲ್ಸಿಯಂ ಹೊಳೆ ಸೇರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ. ಸಾವಿರಾರು ವರ್ಷ ಹೀಗೆ ಸುರಿದರೆ ಕೊಟ್ಟಿಗೆಯಲ್ಲಿ ಉಳಿಯುವುದೇನು?

ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಮಣ್ಣಿನ ಪಿಎಚ್ (ಆಮ್ಲದ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಜೇಡಿಯೊಳಗೇ ಅಡಗಿದ್ದ ಅಲ್ಯೂಮಿನಿಯಂ ಕರಗಿ ಹೊರಬರುತ್ತದೆ. ಅದು ಹಾಯುವ ಗೂಳಿ. ಮೂರು ಧನ ವಿದ್ಯುದಂಶ ಹೊತ್ತದ್ದರಿಂದ ಒಂದೇ ಮೂರು ಗೂಟ ಹಿಡಿಯುತ್ತದೆ, ಸಾಲದ್ದಕ್ಕೆ ಎಳೆ ಬೇರಿನ ತುದಿಯನ್ನೇ ಮೊಂಡು ಮಾಡುತ್ತದೆ. ಕೊಟ್ಟಿಗೆ ಒಗ್ಗದವರು ಬಸ್ಸು ಹತ್ತಿ: ಟಿಕೆಟ್ ತೆಗೆದವರೆಲ್ಲ ಇಳಿದಿದ್ದಾರೆ, ಮೂರು ಸೀಟಿಗೆ ಅಡ್ಡ ಮಲಗಿದವನು ಏಳುವುದಿಲ್ಲ. ಬಸ್ಸು ತುಂಬಿದಂತೆ ಕಾಣುತ್ತದೆ, ಕಂಡಕ್ಟರನ ಚೀಲ ಖಾಲಿ.

ಗೂಟಗಳೂ ಎಲ್ಲ ಮಣ್ಣಿನಲ್ಲಿ ಒಂದೇ ಸಮ ಇರುವುದಿಲ್ಲ. ಘಟ್ಟದ ಜೇಡಿ ಹೆಚ್ಚಾಗಿ ಕಯೊಲಿನೈಟ್ ಎಂಬ ಬಗೆಯದು. ಅದರಲ್ಲಿ ಹತ್ತು ಗೂಟವಿದ್ದರೆ ಅಷ್ಟೇ ತೂಕದ ಎರೆಭೂಮಿಯ ಜೇಡಿಯಲ್ಲಿ ನೂರರ ಆಸುಪಾಸು, ಹ್ಯೂಮಸ್ಸಿನಲ್ಲಿ ಇನ್ನೂರು. ಮೇಲಿನ ಕಪ್ಪು ಗೇಣಿನ ಬೆಲೆ ಈಗ ಗೊತ್ತಾಯಿತಲ್ಲ? ನಮ್ಮ ಹುಡುಗ ಹಾರೆ ಹಾಕಿ ಕೆಂಪು ತೆಗೆದುಕೊಟ್ಟ ಚೀಲದಲ್ಲಿ ಗೂಟವೂ ಕಡಿಮೆ, ಹಸುವೂ ಇಲ್ಲ.

ಕುಮ್ರಿ ಬೇಸಾಯದ ಗುಟ್ಟೂ ಇದೇ. ಕಾಡು ಕಡಿದು ಸುಟ್ಟರೆ ಮರದಲ್ಲಿದ್ದ ಕ್ಯಾಲ್ಸಿಯಂ, ಪೊಟ್ಯಾಸಿಯಂ ಬೂದಿಯಾಗಿ ಮಣ್ಣಿಗೆ ಬೀಳುತ್ತದೆ, ಆಮ್ಲ ತಗ್ಗುತ್ತದೆ, ಒಂದೆರಡು ವರ್ಷ ರಾಗಿ ಬೆಳೆಯುತ್ತದೆ. ಆಮೇಲೆ ಮಳೆ ಎಲ್ಲವನ್ನೂ ಬಳಿದುಕೊಂಡು ಹೋಗುತ್ತದೆ, ಜನ ಮುಂದಿನ ಗುಡ್ಡಕ್ಕೆ. ಬ್ರಿಟಿಷ್ ಅಧಿಕಾರಿಗಳು ಇದನ್ನು ಸೋಮಾರಿಗಳ ಬೇಸಾಯವೆಂದು ಹಳಿದರು. ಸೋಮಾರಿತನವಲ್ಲ, ರಸಾಯನಶಾಸ್ತ್ರ. ಕಾಫಿ ತೋಟದವರು ವರ್ಷ ಬಿಟ್ಟು ವರ್ಷ ಸುಣ್ಣ ಎರಚುವುದೂ ಆ ಗೂಳಿಯನ್ನು ಗೂಟದಿಂದ ಬಿಡಿಸಲಿಕ್ಕೇ.

ಇನ್ನು ಜಂಬಿಟ್ಟಿಗೆ. ಸುಣ್ಣ, ಪೊಟ್ಯಾಶು ಹೋದ ಮೇಲೆ ಸಿಲಿಕಾ ಕೂಡ ಮೆಲ್ಲಗೆ ಕರಗಿ ಹೋಗುತ್ತದೆ. ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಮದ್ರಾಸಿನಿಂದ ಹೊರಟು ಮೈಸೂರು, ಮಲಬಾರು, ಕೆನರಾ ಸೀಮೆಗಳನ್ನೆಲ್ಲ ಸುತ್ತಿದ. ಮಲಬಾರಿನ ಅಂಗಾಡಿಪುರಂನಲ್ಲಿ ಜನ ಮೆದುವಾದ ಕಲ್ಲನ್ನು ಕಬ್ಬಿಣದ ಹತಾರದಿಂದ ಕೊಯ್ದು ಗಾಳಿಗೆ ಬಿಡುವುದನ್ನೂ, ಅದು ಇಟ್ಟಿಗೆಯಂತೆ ಗಟ್ಟಿಯಾಗುವುದನ್ನೂ ಕಂಡ. ಇಟ್ಟಿಗೆಗೆ ಲ್ಯಾಟಿನ್ನಿನಲ್ಲಿ 'ಲೇಟರ್'. 1807ರ ಅವನ ಪುಸ್ತಕದಿಂದ ಜಗತ್ತಿಗೆಲ್ಲ 'ಲ್ಯಾಟರೈಟ್' ಸಿಕ್ಕಿತು. ತಮಾಷೆಯೆಂದರೆ ಇಲ್ಲಿನ ಜನ ಅದನ್ನು ಇಟ್ಟಿಗೆ ಕಲ್ಲು ಎನ್ನುತ್ತಾರೆಂದು ಅವನೇ ಬರೆದಿದ್ದಾನೆ! ನಮ್ಮ ಜಂಬಿಟ್ಟಿಗೆಯನ್ನು ಲ್ಯಾಟಿನ್ನಿಗೆ ತಿರುಗಿಸಿ ನಮಗೇ ಹಿಂದಿರುಗಿಸಿದ್ದಾರೆ, ನಾವು ಅದನ್ನು ಪರೀಕ್ಷೆಗೆ ಉರು ಹೊಡೆಯುತ್ತೇವೆ.

ಬುಕಾನನ್‌ನ ಕಾಲಕ್ಕೆ ಮಣ್ಣು ಎಂದರೆ ಪುಡಿಯಾದ ಕಲ್ಲು, ಅಷ್ಟೇ. ಮಣ್ಣಿಗೂ ಒಂದು ಜಾತಕವಿದೆ, ಹವೆ, ಜೀವಿಗಳು, ಇಳಿಜಾರು, ಮೂಲಶಿಲೆ, ಕಾಲ ಈ ಐದು ಕೂಡಿ ಅದನ್ನು ಬರೆಯುತ್ತವೆ ಎಂದು ತೋರಿಸಿದವನು ರಷ್ಯದ ವಾಸಿಲಿ ಡೊಕುಚಾಯೆವ್. ಅವನ ಕರಿಮಣ್ಣಿನ ಅಧ್ಯಯನ 1883ರಲ್ಲಿ ಬಂತು. ಈ ಜಾತಕದಲ್ಲಿ ನನಗೆ ಪೂರ್ಣ ನಂಬಿಕೆ.

ಈಗ ಭಾರತದಲ್ಲೂ ಬಳಕೆಯಲ್ಲಿರುವುದು ಅಮೆರಿಕದವರು 1975ರಲ್ಲಿ ಪ್ರಕಟಿಸಿದ ಮಣ್ಣು ವರ್ಗೀಕರಣ ಪದ್ಧತಿ. ಆಗ ಹತ್ತು ಗಣ, ಈಗ ಒಟ್ಟು ಹನ್ನೆರಡು. ಹೆಸರುಗಳು ಬಾಯಿಗೆ ಕಲ್ಲು ಸಿಕ್ಕಿದಂತಿವೆ: 'ಲಿಥಿಕ್ ಡಿಸ್ಟ್ರಸ್ಟೆಪ್ಟ್', 'ಉಸ್ಟಿಕ್ ಹ್ಯಾಪ್ಲೊಹ್ಯೂಮಲ್ಟ್'. ಹೆದರಬೇಡಿ, ಕನ್ನಡ ಪಂಡಿತರ ಮುಂದೆ ಕೂತವರಿಗೆ ಇದು ಸುಲಭ. ತತ್ಪುರುಷ ಸಮಾಸದಲ್ಲಿ ಉತ್ತರಪದವೇ ಪ್ರಧಾನ ತಾನೆ? ಹಾಗೇ ಬಾಲದಿಂದ ಬಿಡಿಸಿ. 'ಎಪ್ಟ್' ಎಂದರೆ ಇನ್‌ಸೆಪ್ಟಿಸಾಲ್, ಈಗಷ್ಟೇ ಮಣ್ಣಾಗತೊಡಗಿದ್ದು. 'ಉಸ್ಟ್' ಎಂದರೆ ಬೇಸಿಗೆಯಲ್ಲಿ ಒಣಗುವುದು. 'ಡಿಸ್ಟ್ರ್' ಎಂದರೆ ಸತ್ವದಲ್ಲಿ ಬಡವ. 'ಲಿಥಿಕ್' ಎಂದರೆ 50 ಸೆಂಟಿಮೀಟರಿನೊಳಗೇ ಹಾರೆಗೆ ಬಂಡೆ ತಾಗುವುದು. ಗುಡ್ಡದ ನೆತ್ತಿಯ ಮಣ್ಣಿನ ಇಡೀ ಬದುಕು ಎರಡು ಪದದಲ್ಲಿ. ಇಳಿಜಾರಿನ ಆಳ ಮಣ್ಣು ಎರಡನೆಯ ಹೆಸರಿನದು: 'ಅಲ್ಟ್' ಎಂದರೆ ಅಲ್ಟಿಸಾಲ್, ತೊಳೆತದ ಕೊನೆ ಮುಟ್ಟಿದ್ದು, 'ಹ್ಯೂಮ್', ಹ್ಯೂಮಸ್ ತುಂಬಿದ್ದು, 'ಹ್ಯಾಪ್ಲೊ', ಬೇರೆ ವಿಶೇಷವಿಲ್ಲದ ಸಾದಾ. 'ಉಸ್ಟ್' ಬಂದದ್ದು ಲ್ಯಾಟಿನ್ನಿನ 'ಸುಟ್ಟ' ಎಂಬ ಪದದಿಂದ. ಅಷ್ಟು ಮಳೆ ಬೀಳುವ ಘಟ್ಟದ ಮಣ್ಣಿಗೆ ಸುಟ್ಟದ್ದೆಂಬ ಬಿರುದು! ಆದರೆ ಸಂಕ್ರಾಂತಿಯಿಂದ ಯುಗಾದಿ ದಾಟುವವರೆಗೆ ಬೆಟ್ಟದ ನೆಲವನ್ನು ಬರಿಗಾಲಲ್ಲಿ ಮೆಟ್ಟಿದವರು ಒಪ್ಪುತ್ತಾರೆ. ವರ್ಷದಲ್ಲಿ ಒಟ್ಟು 90 ದಿನ ಮಣ್ಣಿನ ಒಂದಷ್ಟು ಭಾಗ ಒಣಗಿದ್ದರೂ ಆ ಹೆಸರು ಅಂಟುತ್ತದೆ.

ಇಷ್ಟು ತಲೆಬಿಸಿ ಏಕೆ, 'ಕೆಂಪು ಮಣ್ಣು' ಸಾಲದೇ ಎಂದರೆ, ಸಾಲದು. ಬಣ್ಣ ಮೋಸ ಮಾಡುತ್ತದೆ. ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡು ಕೆಲವೇ ಪಾಲು ಇದ್ದರೂ ಮಣ್ಣು ಕೆಂಪಾಗುತ್ತದೆ. ತುಮಕೂರು ಕಡೆಯ ರಾಗಿ ಹೊಲವೂ ಕೆಂಪು, ಶೃಂಗೇರಿಯ ಗುಡ್ಡವೂ ಕೆಂಪು. ಮೊದಲನೆಯದು ಹೆಚ್ಚಾಗಿ ಆಲ್ಫಿಸಾಲ್: ಆಳದಲ್ಲೂ ನೂರರಲ್ಲಿ 35ಕ್ಕೆ ಕಡಿಮೆಯಿಲ್ಲದಷ್ಟು ಗೂಟಕ್ಕೆ ಹಸುಗಳಿವೆ. ಎರಡನೆಯದರಲ್ಲಿ ಅದಕ್ಕಿಂತ ಕಡಿಮೆ. ಒಂದೇ ಬಣ್ಣದ ಎರಡು ಹಿಡಿ ಮಣ್ಣು, ಒಂದಕ್ಕೆ ಸುಣ್ಣ ಬೇಕು, ಇನ್ನೊಂದಕ್ಕೆ ಹಾಕಿದರೆ ದಂಡ.

ಇನ್ನೂ ಎತ್ತರಕ್ಕೆ ಹೋದರೆ ಕಥೆ ಬದಲಾಗುತ್ತದೆ. ಕುದುರೆಮುಖ, ಬಾಬಾಬುಡನ್‌ಗಿರಿಯ ಶೋಲಾ ಕಾಡುಗಳಲ್ಲಿ, ಎಂದರೆ ಹುಲ್ಲುಗಾವಲ ನಡುವಿನ ಕಣಿವೆಯ ಕುಳ್ಳ ಕಾಡುಗಳಲ್ಲಿ, ತಂಪಿಗೆ ಎಲೆ ನಿಧಾನ ಕೊಳೆಯುತ್ತದೆ, ಕಪ್ಪು ಪದರ ದಪ್ಪವಾಗುತ್ತದೆ. ನೀಲಗಿರಿಯ ಜವುಗುಗಳಲ್ಲಂತೂ ಅದು ನೀರಿನಡಿ ಪೂರ್ತಿ ಕೊಳೆಯದ ಸಸ್ಯರಾಶಿಯಾಗಿ, ಎಂದರೆ ಪೀಟ್ ಆಗಿ, ಸಾವಿರಾರು ವರ್ಷಗಳ ಲೆಕ್ಕಪುಸ್ತಕ ಇಟ್ಟಿದೆ. ಮರಗಳೂ ಹುಲ್ಲುಗಳೂ ಇಂಗಾಲದ ಭಾರದ ಐಸೋಟೋಪನ್ನು (ಅದೇ ಇಂಗಾಲದ ತುಸು ತೂಕದ ಪರಮಾಣುವನ್ನು) ಬೇರೆ ಬೇರೆ ಪ್ರಮಾಣದಲ್ಲಿ ಹಿಡಿಯುತ್ತವೆ. ಅದನ್ನು ಅಳೆದು ಪರಿಸರ ವಿಜ್ಞಾನಿ ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಕಳೆದ 20,000 ವರ್ಷಗಳಲ್ಲಿ ಅಲ್ಲಿ ಕಾಡು ಯಾವಾಗ ಹಿಗ್ಗಿತು, ಹುಲ್ಲು ಯಾವಾಗ ಗೆದ್ದಿತು ಎಂಬುದನ್ನು ಓದಿ ಹೇಳಿದರು. ಬೆಟ್ಟದ ಮೇಲಿನ ಹುಲ್ಲುಗಾವಲೆಲ್ಲ ಮನುಷ್ಯ ಕಾಡು ಕಡಿದು ಮಾಡಿದ್ದು ಎನ್ನುವವರು ಈಗಲೂ ಇದ್ದಾರೆ. ಮಣ್ಣು ಹಾಗೆ ಹೇಳುವುದಿಲ್ಲ.

ಅಕ್ಕನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳತೊಡಗಿದೆ. ಗೂಟದ ಲೆಕ್ಕ ಬರುವಷ್ಟರಲ್ಲಿ, "ಸಾಕು ಮಾರಾಯ, ಏನು ಹಾಕ್ಲಿ ಹೇಳು" ಎಂದಳು. ಒಂದು ಹಿಡಿ ಸುಣ್ಣದ ಪುಡಿ, ಮಣ್ಣಿನ ಅರ್ಧದಷ್ಟು ಹಳೆ ಸಗಣಿಗೊಬ್ಬರ, ಆಮೇಲೆ ಹದಿನೈದು ದಿನ ಬಿಟ್ಟು ಸಸಿ ಎಂದೆ. ಮಣ್ಣು ಜರಡಿ ಹಿಡಿದಾಗ ಎರಡು ಬೊಗಸೆ ಜಂಬಿಟ್ಟಿಗೆ ಹರಳು ಸಿಕ್ಕಿತಂತೆ. ನೀರು ಬಸಿಯಲಿ ಎಂದು ಕುಂಡದ ತಳಕ್ಕೆ ಹಾಕಿದ್ದಾಳೆ.