ಬೆಳಗಿನ ಜಾವ ಕಟ್ಟಿಸಿಕೊಂಡ ತೆರಿಗೆ: ಒಪ್ಪಿಗೆ ಎಷ್ಟು ದೂರ ನಡೆಯುತ್ತದೆ?

2019ರ ನವೆಂಬರ್ 30. ಬೆಳಗಿನ ಜಾವ ಸುಮಾರು 4 ಗಂಟೆ. ಬೆಂಗಳೂರಿನ ಸ್ವಿಗ್ಗಿ ಕಂಪನಿ ಸರ್ಕಾರಕ್ಕೆ 15 ಕೋಟಿ ರೂಪಾಯಿ ಜಿಎಸ್‌ಟಿ ಕಟ್ಟಿತು. ಜಿಎಸ್‌ಟಿ ಗುಪ್ತಚರ ವಿಭಾಗದವರು ಆಗ ಕಂಪನಿಯ ತನಿಖೆಗೆ ಬಂದಿದ್ದರು. ಡಿಸೆಂಬರ್ ಕೊನೆಗೆ ಮತ್ತೆ 12 ಕೋಟಿಗೂ ಜಾಸ್ತಿ ಹೋಯಿತು. ಒಟ್ಟು ಸುಮಾರು 27.5 ಕೋಟಿ. ಅಲ್ಲಿಯವರೆಗೆ ಕಾರಣ ಕೇಳುವ ಷೋಕಾಸ್ ನೋಟಿಸ್ ಬಂದಿರಲಿಲ್ಲ. ಇಷ್ಟು ಬಾಕಿ ಇದೆ ಎಂದು ಯಾವ ಅಧಿಕಾರಿಯೂ ಆದೇಶ ಬರೆದಿರಲಿಲ್ಲ. ಒತ್ತಡ ಹಾಕಿ ಕಟ್ಟಿಸಿಕೊಂಡರು ಎಂದು ಕಂಪನಿ ಹೇಳಿತು. ಕಂಪನಿಯೇ ಸ್ವಂತ ಇಚ್ಛೆಯಿಂದ ಕಟ್ಟಿದೆ ಎಂದು ಇಲಾಖೆ ವಾದಿಸಿತು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಯಾರು ತಾನೇ ಖುಷಿಯಿಂದ ತೆರಿಗೆ ಕಟ್ಟುತ್ತಾರೆ, ಅಲ್ವಾ?

ಇದು ಜಿಎಸ್‌ಟಿ ಜೊತೆ ಹುಟ್ಟಿದ ಜಗಳವಲ್ಲ. ಇದರ ಬೇರು ಸ್ವಾತಂತ್ರ್ಯ ಬಂದ ಕಾಲದಲ್ಲೇ ಇದೆ.

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಕೆಲವರು ಭಾರಿ ಲಾಭ ಮಾಡಿ ತೆರಿಗೆ ತಪ್ಪಿಸಿದ್ದರು. ಅವರನ್ನು ಹಿಡಿಯಲು 1947ರಲ್ಲಿ ಆದಾಯ ತೆರಿಗೆ ತನಿಖಾ ಆಯೋಗದ ಕಾಯ್ದೆ ಬಂತು. ಆಯೋಗಕ್ಕೆ ಸಿಕ್ಕ ಅಧಿಕಾರ ಮಾಮೂಲಿ ತೆರಿಗೆ ಅಧಿಕಾರಿಗಿಂತ ಬಹಳ ದೊಡ್ಡದು. ಅದರ ಮುಂದೆ ನಿಂತವರಿಗೆ ಉಳಿದ ತೆರಿಗೆದಾರರಿಗಿದ್ದ ಮೇಲ್ಮನವಿಯ ದಾರಿ ಇರಲಿಲ್ಲ. ಒಂದೇ ಬಗೆಯ ತಪ್ಪಿಗೆ ಇಬ್ಬರಿಗೆ ಎರಡು ದಾರಿ ಆಯಿತು. 1954ರಲ್ಲಿ ಸೂರಜ್ ಮಲ್ ಮೊಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದು ಸಮಾನತೆಯ ಹಕ್ಕು ಕೊಡುವ ಸಂವಿಧಾನದ 14ನೇ ವಿಧಿಗೆ ವಿರುದ್ಧ ಎಂದು ಹೇಳಿ, ಕಾಯ್ದೆಯ ಒಂದು ಭಾಗವನ್ನು ರದ್ದು ಮಾಡಿತು. ಮುಂದೆ ಇನ್ನೊಂದು ಭಾಗವೂ ಬಿತ್ತು.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು 1958ರ ಬಶೇಶರ್ ನಾಥ್ ತೀರ್ಪು. ಈತ ಆಯೋಗದ ಜೊತೆ ರಾಜಿ ಮಾಡಿಕೊಂಡು ಕಂತಿನಲ್ಲಿ ಹಣ ಕಟ್ಟಲು ಒಪ್ಪಿದ್ದರು. ಕೆಲವು ಕಂತು ಕಟ್ಟಿಯೂ ಇದ್ದರು. ಕಾಯ್ದೆಯೇ ಬಿದ್ದ ಮೇಲೆ ಈ ರಾಜಿ ಹೇಗೆ ನಿಲ್ಲುತ್ತದೆ ಎಂದು ಕೋರ್ಟಿಗೆ ಹೋದರು. ಅವರೇ ಒಪ್ಪಿ ಸಹಿ ಹಾಕಿದ್ದಾರೆ, ಹಕ್ಕನ್ನು ಬಿಟ್ಟುಕೊಟ್ಟ ಹಾಗೆಯೇ ಎಂದಿತು ಸರ್ಕಾರ. ಕೋರ್ಟ್ ಇದನ್ನು ಒಪ್ಪಲಿಲ್ಲ. ಸಮಾನತೆಯ ಹಕ್ಕು ಸರ್ಕಾರಕ್ಕೆ ಹಾಕಿದ ಕಟ್ಟು, ಪ್ರಜೆ ಅದನ್ನು ಬಿಟ್ಟುಕೊಡಲು ಬರುವುದಿಲ್ಲ ಎಂದಿತು. ಕಾನೂನಿನ ಆಧಾರವಿಲ್ಲದೆ ತೆರಿಗೆ ಹಾಕುವಂತಿಲ್ಲ, ವಸೂಲಿ ಮಾಡುವಂತಿಲ್ಲ ಎಂದು ಸಂವಿಧಾನದ 265ನೇ ವಿಧಿಯೂ ಹೇಳುತ್ತದೆ. ಎರಡನ್ನೂ ಸೇರಿಸಿ ಓದಿದರೆ ಸಹಿಯೊಂದೇ ಸಾಲದು ಎಂದು ಅರ್ಥವಾಗುತ್ತದೆ.

ಆದರೆ ಕೋರ್ಟ್ ಯಾವಾಗಲೂ ತೆರಿಗೆದಾರನ ಪರ ನಿಂತಿದೆ ಎಂದುಕೊಳ್ಳಬೇಡಿ. ಶೋಧಕ್ಕೆ ಮೊದಲು, ಆದಾಯ ಮುಚ್ಚಿಟ್ಟಿದ್ದಾರೆ ಎಂಬಂಥದ್ದನ್ನು ನಂಬಲು ಅಧಿಕಾರಿಗೆ ಕಾರಣ ಇರಬೇಕು ಎಂದು 1961ರ ಆದಾಯ ತೆರಿಗೆ ಕಾಯ್ದೆಯ 132ನೇ ಸೆಕ್ಷನ್ ಹೇಳಿತು. ಅಂಥ ಅಧಿಕಾರವನ್ನು ಪೂರಣ್ ಮಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಶೋಧವೇ ಅಕ್ರಮವಾಗಿದ್ದರೂ ಅದರಲ್ಲಿ ಸಿಕ್ಕ ದಾಖಲೆಯನ್ನು ಬಳಸಬಹುದು ಎಂದೂ ಹೇಳಿತು. 2017ರಲ್ಲಿ ಸಂಸತ್ತು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆ ಕಾರಣವನ್ನು ಮೇಲ್ಮನವಿ ನ್ಯಾಯಮಂಡಳಿಗೂ ತೋರಿಸಬೇಕಿಲ್ಲ ಎಂದು ತಿದ್ದುಪಡಿ ತಂದಿತು, ಅದೂ 1962ರಿಂದಲೇ ಅನ್ವಯವಾಗುವ ಹಾಗೆ.

ಅಂದರೆ ಬಾಗಿಲು ತೆಗೆಸುವ ಅಧಿಕಾರ ಇಲಾಖೆಗೆ ಧಾರಾಳವಾಗಿ ಇದೆ. ಒಳಗೆ ಬಂದ ಮೇಲೆ ಬಾಯಿ ಬಿಡಿಸುವುದು, ಚೆಕ್ ಬರೆಸುವುದು ಬೇರೆ ವಿಷಯ. ದಾಳಿಯ ವೇಳೆ ಇಷ್ಟು ಕಪ್ಪುಹಣ ಇದೆ ಎಂದು ಬರೆಸಿಕೊಳ್ಳುವುದು, ಆಮೇಲೆ ಬರೆದುಕೊಟ್ಟವನು ಅದು ಒತ್ತಾಯದ ಹೇಳಿಕೆ ಎನ್ನುವುದು ಎಷ್ಟು ಮಾಮೂಲಾಗಿತ್ತೆಂದರೆ, 2003ರ ಮಾರ್ಚ್ 10ರಂದು ಕೇಂದ್ರ ನೇರ ತೆರಿಗೆ ಮಂಡಳಿಯೇ ಸೂಚನೆ ಹೊರಡಿಸಬೇಕಾಯಿತು. ತಪ್ಪೊಪ್ಪಿಗೆಯ ಹಿಂದೆ ಬೀಳಬೇಡಿ, ಸಾಕ್ಷ್ಯ ಹುಡುಕಿ ಎಂಬುದು ಅದರ ಸಾರ. 2014ರಲ್ಲಿ ಮತ್ತೆ ಅದನ್ನೇ ನೆನಪಿಸಿದರು. ಎರಡನೇ ಸಲ ಹೇಳಬೇಕಾಯಿತು ಅಂದರೆ ಮೊದಲ ಸಲ ಎಷ್ಟು ಜನ ಕೇಳಿದ್ದರು ಎಂದು ನೀವೇ ಊಹಿಸಿ.

2017ರ ಜುಲೈ 1ರಂದು ಜಿಎಸ್‌ಟಿ ಬಂತು. ಇಲ್ಲಿ ತೆರಿಗೆ ವಸೂಲಿಗೆ ಸರಿಯಾದ ದಾರಿಯೇನೋ ಇದೆ. ಮೊದಲು ನೋಟಿಸ್, ಅದಕ್ಕೆ ಉತ್ತರ, ವಿಚಾರಣೆ, ಆದೇಶ. ಆದೇಶವಾದ ಮೇಲೂ ಸಾಮಾನ್ಯವಾಗಿ ಮೂರು ತಿಂಗಳ ಸಮಯ. ಮೇಲ್ಮನವಿ ಹಾಕಿ, ವಿವಾದದ ತೆರಿಗೆಯಲ್ಲಿ ಶೇಕಡಾ 10 ಕಟ್ಟಿದರೆ ಉಳಿದದ್ದರ ವಸೂಲಿ ನಿಲ್ಲುತ್ತದೆ. ಆದರೆ ಪಕ್ಕದಲ್ಲೇ ಒಂದು ಒಳದಾರಿಯೂ ಇದೆ. ವಂಚನೆಯ ಆರೋಪವಿದ್ದಾಗ ನೋಟಿಸ್ ಬರುವ ಮೊದಲೇ ತಾನೇ ಲೆಕ್ಕ ಹಾಕಿ ತೆರಿಗೆ, ಬಡ್ಡಿ ಕಟ್ಟಿದರೆ ದಂಡ ಶೇಕಡಾ 15 ಮಾತ್ರ. ನೋಟಿಸ್ ಬಂದ ಮೇಲೆ 25, ಆದೇಶದ ನಂತರ 50. ಆಗಲೂ ಗಡುವು ಮೀರಿದರೆ ತೆರಿಗೆಯಷ್ಟೇ ದಂಡ. 5 ಕೋಟಿ ದಾಟಿದ ಕೆಲವು ವಂಚನೆಗಳಿಗೆ ಜಾಮೀನಿಲ್ಲದ ಬಂಧನದ ಭಯವೂ ಇದೆ. ಕಟ್ಟಲು ಬೇಕಾದ್ದು ಡಿಆರ್‌ಸಿ-03 ಎಂಬ ಒಂದು ಆನ್‌ಲೈನ್ ಫಾರಂ, ಅಷ್ಟೇ. ಅಧಿಕಾರಿ ಎದುರಿಗೆ ಕೂತಿರುವಾಗ ಈ ಲೆಕ್ಕ ಯಾರಿಗೂ ಬೇಗ ಅರ್ಥವಾಗುತ್ತದೆ.

2021ರ ಫೆಬ್ರವರಿಯಲ್ಲಿ ಗುಜರಾತ್ ಹೈಕೋರ್ಟ್ ಈ ಒಳದಾರಿಗೆ ಬೇಲಿ ಹಾಕಿತು. ಶೋಧದ ವೇಳೆ ಚೆಕ್, ನಗದು, ಆನ್‌ಲೈನ್ ಯಾವ ರೂಪದಲ್ಲೂ ವಸೂಲಿ ಬೇಡ. ಕಟ್ಟುತ್ತೇನೆ ಎಂದು ವ್ಯಾಪಾರಿಯೇ ಮುಂದೆ ಬಂದರೂ, ಶೋಧ ಮುಗಿದು ಅಧಿಕಾರಿಗಳು ಹೋದ ಮರುದಿನ ಕಟ್ಟಲು ಹೇಳಿ ಎಂದಿತು. ಮರುದಿನ ಎಂಬುದು ಬಹಳ ಜಾಣತನದ ನಿಯಮ. ನಿಜವಾಗಿ ಒಪ್ಪಿದವನು ನಾಳೆಯೂ ಕಟ್ಟುತ್ತಾನೆ.

ಸ್ವಿಗ್ಗಿ ವಿಷಯದಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ 2021ರಲ್ಲಿ, ವಿಭಾಗೀಯ ಪೀಠ 2022ರ ಮಾರ್ಚ್‌ನಲ್ಲಿ ಕಂಪನಿಯ ಪರ ತೀರ್ಪು ಕೊಟ್ಟವು. ಇದು ಸ್ವಯಂ ಲೆಕ್ಕ ಹಾಕಿ ಕಟ್ಟಿದ ತೆರಿಗೆ ಅಲ್ಲ, ಹಾಗಾಗಿ ಒಳದಾರಿಯ ಸೆಕ್ಷನ್ ಇಲ್ಲಿ ಅನ್ವಯಿಸುವುದಿಲ್ಲ ಎಂದವು. ತನಿಖೆ ಮುಗಿಯುವವರೆಗೂ ಹಣ ಇಟ್ಟುಕೊಳ್ಳುತ್ತೇವೆ ಎಂಬ ಇಲಾಖೆಯ ವಾದ ನಿಲ್ಲಲಿಲ್ಲ. ಕಂಪನಿಗೆ ಸಹಾಯಕ್ಕೆ ಬಂದದ್ದು ಅದರದೇ ಪತ್ರಗಳು. ಬಾಕಿ ಇದೆ ಎಂದು ಒಪ್ಪಿ ಕಟ್ಟುತ್ತಿಲ್ಲ, ಹಣ ವಾಪಸ್ ಕೇಳುವ ಹಕ್ಕು ಉಳಿಸಿಕೊಂಡಿದ್ದೇವೆ ಎಂದು ಅದು ಬರೆದುಕೊಟ್ಟಿತ್ತು.

ಅದೇ ವರ್ಷ ಮೇ 25ರಂದು ಜಿಎಸ್‌ಟಿ ತನಿಖಾ ವಿಭಾಗವೇ, ಶೋಧ ನಡೆಯುವಾಗ ವಸೂಲಿ ಮಾಡುವ ಸಂದರ್ಭ ಬರುವುದಿಲ್ಲ ಎಂದು ತನ್ನ ಅಧಿಕಾರಿಗಳಿಗೆ ಸೂಚನೆ ಕೊಟ್ಟಿತು. 2025ರ ಫೆಬ್ರವರಿ 27ರಂದು ರಾಧಿಕಾ ಅಗರ್ವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಂಧನದ ಅಧಿಕಾರವನ್ನು ಉಳಿಸಿತು. ಜೊತೆಗೆ, ಬಂಧಿಸುತ್ತೇವೆ ಎಂದು ಹೆದರಿಸಿ ಕಟ್ಟಿಸಿಕೊಂಡಿದ್ದರೆ ಕೋರ್ಟಿಗೆ ಬಂದು ಹಣ ವಾಪಸ್ ಕೇಳಬಹುದು, ಅಂಥ ಅಧಿಕಾರಿಯ ಮೇಲೆ ಇಲಾಖೆ ಕ್ರಮ ಜರುಗಿಸಬೇಕು ಎಂದಿತು.

ಹೈಕೋರ್ಟ್ ಮೆಟ್ಟಿಲು ಹತ್ತುವ ಶಕ್ತಿ ಎಷ್ಟು ಜನಕ್ಕಿದೆ ಎಂಬುದು ಬೇರೆ ಪ್ರಶ್ನೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿದಾಗ, ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ನವರು ಕ್ಯೂಆರ್ ಕೋಡ್ ಕಿತ್ತು ನಗದು ಮಾತ್ರ ಎಂದು ಬೋರ್ಡ್ ಹಾಕಿದ್ದು ನೆನಪಿದೆಯಲ್ಲ. ಅಲ್ಲಿ ಯಾರೂ ಅಂಗಡಿಗೆ ನುಗ್ಗಿ ಚೆಕ್ ಬರೆಸಿರಲಿಲ್ಲ. ನೋಟಿಸ್‌ಗೆ ಉತ್ತರ ಕೊಡಬಹುದಿತ್ತು. ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಸರಕನ್ನು ಬೇರೆ ತೋರಿಸಬಹುದಿತ್ತು. ಆದರೂ ಕಾಗದ ನೋಡಿದ ತಕ್ಷಣ ಜನ ಹೆದರಿದರು. ಹೆದರಿಕೆಯಲ್ಲಿ ಕಟ್ಟಿದ್ದೇ ಆದರೆ ಸುಮ್ನೆ ಕೂರಬಾರದು. ಒತ್ತಾಯಕ್ಕೆ ಕಟ್ಟಿದ್ದೇನೆ ಎಂದು ಒಂದೆರಡು ದಿನದೊಳಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದು ಇಟ್ಟುಕೊಳ್ಳಬೇಕು. ತಿಂಗಳುಗಟ್ಟಲೆ ಬಿಟ್ಟು ಹೇಳಿದರೆ, ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂಬ ಪ್ರಶ್ನೆ ಬರುತ್ತದೆ.