ಬಿಳಿ ಪುಡಿ ಯಾವ ಪಾಚಿಯದು? ಅವಕೆಂಪು ಬೆಳಕು ಕೊಡುವ ಉತ್ತರ

ತುಮಕೂರಿನಂಥ ಒಳನಾಡಿಗೆ ಕಡಲಪಾಚಿ ಬರುವುದೇ ಪುಡಿಯಾಗಿ. ಬಾಳೆಯ ಅಂಗಾಂಶ ಕೃಷಿಗೆ ಲೀಟರ್ ಪೋಷಕ ಮಾಧ್ಯಮಕ್ಕೆ 7-8 ಗ್ರಾಂ ಅಗರ್ ಎಂಬ ಹೆಪ್ಪುಗಟ್ಟಿಸುವ ಪಾಚಿ ಪುಡಿ ಬೇಕು. ಚಾಕೊಲೇಟ್ ಹಾಲಿನಲ್ಲಿ ಕೋಕೊ ತಳ ಹಿಡಿಯದಿರಲು ಶೇ 0.02-0.03ರಷ್ಟು ಕಪ್ಪಾ ಕ್ಯಾರಜೀನನ್ ಸಾಕು; ಇದೂ ಪಾಚಿಯದೇ ಪುಡಿ. ಕ್ಯಾರಜೀನನ್‌ನ ಬಗೆಗಳಲ್ಲಿ ಕಪ್ಪಾ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ, ಅಯೋಟಾ ಮೆತ್ತಗೆ. ಲ್ಯಾಂಬ್ಡಾ ಹೆಪ್ಪುಗಟ್ಟುವುದೇ ಇಲ್ಲ. ಕಣ್ಣಿಗೆ ಮಾತ್ರ ಎಲ್ಲವೂ ಒಂದೇ ಬಗೆಯ ಪುಡಿ.

1882ರ ಹೊತ್ತಿಗೆ ಜರ್ಮನಿಯ ಸೂಕ್ಷ್ಮಜೀವಿ ವಿಜ್ಞಾನಿ ರಾಬರ್ಟ್ ಕಾಖ್ ಅವರ ಪ್ರಯೋಗಾಲಯ ಸೇರಿದ ಅಗರ್ ಬಹುಪಾಲು ಜಪಾನಿನಿಂದಲೇ ಬರುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಆ ದಾರಿ ಮುಚ್ಚಿತು. ಹಲವು ದೇಶಗಳು ತಮ್ಮ ಕರಾವಳಿಯ ಪಾಚಿಗಳನ್ನು ಜಾಲಾಡಿದವು. ಯಾವುದರಲ್ಲಿ ಏನಿದೆ ಎಂದು ತಿಳಿಯಲು ಆಗಿದ್ದ ದಾರಿ ನಿಧಾನದ್ದು: ಆಮ್ಲದಲ್ಲಿ ಕುದಿಸಿ, ಪಾಚಿಯ ಸಕ್ಕರೆ ಸರಪಳಿಗೆ ಅಂಟಿದ ಸಲ್ಫೇಟನ್ನು ಬೇರಿಯಂ ಸಲ್ಫೇಟಾಗಿ ಇಳಿಸಿ ತೂಗುವುದು. ಒಟ್ಟು ಸಲ್ಫೇಟ್ ಎಷ್ಟೆಂದು ಗೊತ್ತಾಗುತ್ತಿತ್ತು, ಸಕ್ಕರೆಯ ಯಾವ ಇಂಗಾಲಕ್ಕೆ ಅಂಟಿದೆ ಎಂಬುದಲ್ಲ. ಹೆಪ್ಪಿನ ಗುಣವನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಆ ಜಾಗವೇ.

ಅವಕೆಂಪು ರೋಹಿತ ಗೆದ್ದಿದ್ದು ಇಲ್ಲಿ. ಪುಡಿ ಯಾವ ಯಾವ ಅವಕೆಂಪು ಬೆಳಕನ್ನು ಹೀರುತ್ತದೆ ಎಂಬುದರ ನಕ್ಷೆ ಅದು; ಹೀರಿದ ಕಡೆ ಪಟ್ಟಿ ಏಳುತ್ತದೆ. 1960ರ ದಶಕದ ಕೊನೆಗೆ ಪಟ್ಟಿಗಳ ಗುರುತು ಸ್ಪಷ್ಟವಾಯಿತು. ತರಂಗಸಂಖ್ಯೆ (ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಎಂಬ ಎಣಿಕೆ) 1240-1260ರಲ್ಲಿ ಸಲ್ಫೇಟ್. 930ರಲ್ಲಿ ಹೆಪ್ಪಿಗೆ ಅಗತ್ಯವಾದ ಸಕ್ಕರೆ ಘಟಕ 3,6-ಅನ್‌ಹೈಡ್ರೋಗ್ಯಾಲಕ್ಟೋಸ್. 845ರಲ್ಲಿ ನಾಲ್ಕನೇ ಇಂಗಾಲದ ಸಲ್ಫೇಟ್. ಇವುಗಳ ಜೊತೆ 805 ಎದ್ದರೆ ಅಯೋಟಾ, ಎದ್ದಿಲ್ಲದಿದ್ದರೆ ಕಪ್ಪಾ. ಅಗರಿನಲ್ಲಿ 930 ಇರುತ್ತದೆ, 845 ಇರುವುದಿಲ್ಲ, 1250 ಬಲು ಕ್ಷೀಣ. ಪಾಚಿಯನ್ನು ಕ್ಷಾರದಲ್ಲಿ ಕುದಿಸಿದಾಗ ಆರನೇ ಇಂಗಾಲದ ಸಲ್ಫೇಟ್ ಕಳಚಿ 930 ಬಲಿಯುವುದನ್ನೂ ನೋಡಬಹುದು.

ಹಳೆಯ ಕ್ರಮದಲ್ಲಿ 1-2 ಮಿಲಿಗ್ರಾಂ ಪುಡಿಯನ್ನು 200 ಮಿಲಿಗ್ರಾಂ ಒಣ ಪೊಟ್ಯಾಸಿಯಂ ಬ್ರೋಮೈಡ್ ಜೊತೆ ಅರೆದು ಬಿಲ್ಲೆ ಒತ್ತುತ್ತಾರೆ. ಬ್ರೋಮೈಡ್ ತೇವ ಹೀರಿದರೆ 1640ರಲ್ಲಿ ನೀರು ಕಾಣುತ್ತದೆ, ಬಿಲ್ಲೆ ಮಂಕಾಗುತ್ತದೆ. ಹರಳಿನೊಳಗೆ ಪ್ರತಿಫಲಿಸುವ ಬೆಳಕಿನಿಂದ ಅಳೆಯುವ ಎಟಿಆರ್ ಕ್ರಮದಲ್ಲಿ ಆ ಗೋಜಿಲ್ಲ: 60 ಡಿಗ್ರಿಯಲ್ಲಿ ಒಣಗಿಸಿದ ಪುಡಿಯನ್ನು ವಜ್ರದ ಹರಳಿಗೆ ಒತ್ತಿ 32 ಸ್ಕ್ಯಾನ್ ತೆಗೆದರೆ ಮುಗಿಯಿತು. ಆದರೆ ಇದರಲ್ಲಿ ಕೆಳ ತರಂಗಸಂಖ್ಯೆಯ ಪಟ್ಟಿಗಳು ಹೆಚ್ಚು ಬಲವಾಗಿ ಬರುತ್ತವೆ. ಬಿಲ್ಲೆಯ ಹಳೆಯ ರೋಹಿತದ ಪಕ್ಕದಲ್ಲಿ ಹಾಗೇ ಇಟ್ಟು ಅಳೆಯಬಾರದು.

ನಮ್ಮ ಅನಿಸಿಕೆಯಲ್ಲಿ ಹೆಚ್ಚು ದಾರಿ ತಪ್ಪಿಸುವುದು ಚಿಪ್ಪು, ಮರಳಿನ ಸುಣ್ಣ. ಅದರ ಪಟ್ಟಿ 875ರ ಬಳಿ ಬಿದ್ದು 867ರಲ್ಲಿ ಬರುವ ಸಲ್ಫೇಟ್ ಪಟ್ಟಿಯಂತೆ ಕಾಣುತ್ತದೆ; 712 ಕೂಡ ಇದ್ದರೆ ಸುಣ್ಣವೇ. ಪಿಷ್ಟದ ಕಲಬೆರಕೆಯೂ 930ರ ಸುಮಾರಿಗೆ ಪಟ್ಟಿ ಕೊಡುತ್ತದೆ, ಹಾಗಾಗಿ 760ರಲ್ಲಿ ಪಿಷ್ಟದ ಪಟ್ಟಿಯನ್ನು ಹುಡುಕಿ ಖಚಿತ ಮಾಡಿಕೊಳ್ಳಬೇಕು. ಜೆಲಾಟಿನ್ ಬೆರೆತಿದ್ದರೆ 1650, 1540 ಜೋಡಿಯಾಗಿ ಬರುತ್ತವೆ. ಹೆಪ್ಪು ಎಷ್ಟು ಗಟ್ಟಿ ಎಂಬುದನ್ನು ಮಾತ್ರ ರೋಹಿತ ಹೇಳದು. ಅಗರಿಗಾದರೆ ಶೇ 1.5ರ ದ್ರಾವಣವನ್ನು ತಣಿಸಿ ಹೆಪ್ಪುಗಟ್ಟಿಸಿ ತೂಕ ಹೇರಿಯೇ ಅಳೆಯಬೇಕು.