ಡಬ್: ಗಾಯಕನ ದನಿ ನಿಂತ ಮೇಲೂ ಸದ್ದು ಬರೋದು ಹೇಗೆ?

ಆಫ್ರಿಕಾದಿಂದ ಗುಲಾಮರಾಗಿ ಹೋದವರ ವಂಶದವರು ಸದ್ದಿನಲ್ಲಿ ತಮ್ಮ ಗುರುತನ್ನು ಹೇಗೆ ಕಟ್ಟಿಕೊಂಡರು ಎಂಬ ಪಾಠಕ್ಕೆ ನಾನು ಜಮೈಕಾದ ಡಬ್ ಒಂದನ್ನೇ ಹಿಡಿದುಕೊಂಡಿದ್ದೇನೆ. ಡಬ್ ಅಂದರೆ ರೆಕಾರ್ಡ್ ಆದ ಹಾಡಿನ ಗಾಯನ ತೆಗೆದು, ಬಾಸ್-ಡ್ರಮ್ ಮುಂದೆ ತಂದು, ಎಕೋ ಹಾಕಿ ಹೊಸದಾಗಿ ಕಟ್ಟುವ ಸಂಗೀತ. ಬ್ಲೂಸ್, ಜಾಝ್ ಬಗ್ಗೆ ಎಲ್ಲ ಕಡೆ ಸಿಗುತ್ತದೆ, ಬಿಡಿ.

ಹಿನ್ನೆಲೆ ಇಷ್ಟು: ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನಲ್ಲಿ ದೊಡ್ಡ ದೊಡ್ಡ ಸ್ಪೀಕರ್ ಜೋಡಿಸಿ ಜನರನ್ನು ಕುಣಿಸುವ 'ಸೌಂಡ್ ಸಿಸ್ಟಂ'ಗಳಿದ್ದವು. 1960ರ ದಶಕದ ಕೊನೆಗೆ ರೆಕಾರ್ಡಿನ ಒಂದು ಬದಿಗೆ ಹಾಡು, ಇನ್ನೊಂದು ಬದಿಗೆ ಗಾಯನವಿಲ್ಲದ 'ವರ್ಷನ್' ಬರತೊಡಗಿತು. ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದ ಆಸ್‌ಬೋರ್ನ್ ರಡಕ್, ಅಂದರೆ ಕಿಂಗ್ ಟಬ್ಬಿ, 1970ರ ದಶಕದಲ್ಲಿ ಆ ವರ್ಷನ್‌ಗಳನ್ನು ಮಿಕ್ಸರ್ ಮೇಲೆ, ಅಂದರೆ ಗಾಯನ, ಬಾಸ್, ಡ್ರಮ್ ಇವುಗಳ ಟ್ರ್ಯಾಕ್‌ಗಳನ್ನು ಬೇರೆಬೇರೆಯಾಗಿ ಏರಿಸಿ, ಇಳಿಸಿ, ಮುಚ್ಚುವ ಯಂತ್ರದ ಮೇಲೆ, ಹೊಸದಾಗಿ ಕಟ್ಟಿದರು.

ಈಗ ಎಲ್ಲರಿಗೂ ತೊಡಕಾಗುವ ಜಾಗ. ಗಾಯನದ ಟ್ರ್ಯಾಕ್ ಮುಚ್ಚಿದ್ದಾರೆ ಅಲ್ವಾ? ಮತ್ತೆ ಒಂದೆರಡು ಪದ ತೇಲಿಕೊಂಡು ಬರೋದು ಎಲ್ಲಿಂದ? ಮಿಕ್ಸರ್‌ನಿಂದ ಸದ್ದಿಗೆ ಎರಡು ದಾರಿ. ಒಂದು ನೇರ ಸ್ಪೀಕರಿಗೆ, ಇನ್ನೊಂದು ಟೇಪ್ ಎಕೋ ಯಂತ್ರಕ್ಕೆ. ಆ ಯಂತ್ರದಲ್ಲಿ ಒಂದು ಹೆಡ್ (ಟೇಪಿಗೆ ತಾಗುವ ಪುಟ್ಟ ಭಾಗ) ಸದ್ದನ್ನು ಟೇಪಿಗೆ ಬರೆಯುತ್ತದೆ, ಸ್ವಲ್ಪ ಮುಂದಿರುವ ಇನ್ನೊಂದು ಹೆಡ್ ಓದುತ್ತದೆ. ಎರಡರ ನಡುವೆ 1.5 ಇಂಚು ಅಂತರ, ಟೇಪ್ ಸೆಕೆಂಡಿಗೆ 7.5 ಇಂಚು ಓಡುತ್ತಿದೆ ಅಂದುಕೊಳ್ಳಿ. 1.5 ಭಾಗಿಸು 7.5, ಅಂದರೆ 0.2 ಸೆಕೆಂಡ್ ತಡವಾಗಿ ಅದೇ ಪದ ಕೇಳುತ್ತದೆ. ವೇಗ ಅರ್ಧ ಮಾಡಿದರೆ 0.4 ಸೆಕೆಂಡ್. ಓದಿದ್ದರಲ್ಲೇ ಸ್ವಲ್ಪ ತೆಗೆದು ಮತ್ತೆ ಬರೆಯುವ ಹೆಡ್ಡಿಗೆ ಕೊಟ್ಟರೆ ಪದ ಸುತ್ತುತ್ತಾ, ಪ್ರತಿ ಸುತ್ತಿಗೂ ಮಸುಕಾಗುತ್ತಾ ಹೋಗುತ್ತದೆ. ಈ ನಡುವೆ ಗಾಯನದ ಟ್ರ್ಯಾಕ್ ಮುಚ್ಚಿದರೂ ಟೇಪ್ ಮೇಲಿರುವ ಪದಕ್ಕೆ ಏನೂ ಆಗಲ್ಲ. ಹಾಗಾಗಿ ಬಾಸ್ ಮತ್ತು ಡ್ರಮ್ ನಡುವೆ ಹಾಡಿನ ಬಾಲ ಮಾತ್ರ ಕೇಳುತ್ತದೆ.

'ಎಕೋ ಅಂದರೆ ಕಳೆದುಹೋದ ಆಫ್ರಿಕಾದ ನೆನಪು' ಅಂತ ಸುಮ್ನೆ ಬರೆದುಬಿಡುವವರು ಜಾಸ್ತಿ. ಓದಲು ಚಂದ, ಆದರೆ ಟಬ್ಬಿಯದೇ ಒಂದು ಸೌಂಡ್ ಸಿಸ್ಟಂ ಇತ್ತು. ಎದುರಾಳಿ ಸಿಸ್ಟಂ ಬಿಟ್ಟು ಜನ ಇಲ್ಲಿಗೆ ಬರಬೇಕಿತ್ತು, ಎಕೋ ಅದಕ್ಕೂ ಬೇಕಿತ್ತು. ನನಗೆ ಗುರುತಿನ ಮಾತು ಕಾಣುವುದು ಗಾಯನ ತೆಗೆದು ಖಾಲಿ ಬಿಟ್ಟ ಜಾಗದಲ್ಲಿ. ಅಲ್ಲಿ ಯು-ರಾಯ್ ಥರದವರು ಮೈಕ್ ಹಿಡಿದು, ಶಾಲೆಯ ಇಂಗ್ಲಿಷ್ ಬಿಟ್ಟು, ಬೀದಿಯ ಪಾಟ್ವಾದಲ್ಲೇ, ಅಂದರೆ ಜಮೈಕಾದ ಆಡುಮಾತಿನಲ್ಲೇ, ತಾಳಕ್ಕೆ ಮಾತು ಜೋಡಿಸಿದರು.

ಇಲ್ಲಿಂದ ಹಿಪ್-ಹಾಪ್‌ಗೆ ದಾರಿ ಚಿಕ್ಕದು. ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದ ಡಿಜೆ ಕೂಲ್ ಹರ್ಕ್ 1967ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ಗೆ ಹೋದರು. 1973ರ ಆಗಸ್ಟ್ 11ರಂದು ಅಲ್ಲಿನ ಒಂದು ಅಪಾರ್ಟ್‌ಮೆಂಟ್‌ನಲ್ಲಿ ತಂಗಿಯ ಪಾರ್ಟಿಗೆ ರೆಕಾರ್ಡ್ ಹಾಕಿದರು. ಆದರೆ ಅವರು ಹೆಚ್ಚಾಗಿ ನುಡಿಸಿದ್ದು ಜಮೈಕಾದ ರೆಗೆ ಅಲ್ಲ, ಬ್ರಾಂಕ್ಸ್ ಹುಡುಗರಿಗೆ ಬೇಕಿದ್ದ ಫಂಕ್, ಅಂದರೆ ಅಮೆರಿಕದ ಕಪ್ಪು ಜನರ ಕುಣಿತದ ಸಂಗೀತ. ಜಮೈಕಾದಿಂದ ಹೋದದ್ದು ದೊಡ್ಡ ಸ್ಪೀಕರ್, ಮೈಕಿನ ಮಾತು, ಕುಣಿಸುವ ರೀತಿ. ಈ ಪಾಠದ ಪ್ರಶ್ನೆಗೆ ಉತ್ತರ ಬರೆಯುವಾಗ ಈ ವ್ಯತ್ಯಾಸ ಬಿಡಬೇಡಿ.